ಅರ್ಧ ಬೈಗುಳ

ನಮ್ಮವರು ಬೆಳಗಿನ ತಿಂಡಿಗೆ ಕೂತಾಗ ಫೋನನ್ನು ಉಪ್ಪಿನಕಾಯಿ ಭರಣಿಗೆ ಆನಿಸಿ ಇಟ್ಟುಕೊಳ್ಳುತ್ತಾರೆ. ಅದರಲ್ಲಿ ಯಾವಾಗಲೂ ಯಾರೋ ಯಾರನ್ನೋ ಬೈಯುತ್ತಿರುತ್ತಾರೆ. ಹಿಟ್ಟಿನ ಗಿರಣಿಯ ಪಕ್ಕ ಮನೆ ಮಾಡಿದವರಿಗೆ ಗಿರಣಿಯ ಸದ್ದು ಹೇಗೆ ಕೇಳಿಸುವುದಿಲ್ಲವೋ ಹಾಗೆ ನನಗೂ ಅದು ಕೇಳಿಸುವುದಿಲ್ಲ. ಆ ದಿನ ಮಾತ್ರ ದೋಸೆ ಸೌಟು ಕೈಯಲ್ಲೇ ನಿಂತಿತು. ಫೋನಿನೊಳಗೆ ಹಾಡುತ್ತಿದ್ದ ದನಿ, ನಮ್ಮ ಗೇಟಿನ ಹೊರಗೆ ನಿಂತು "ಹರಿವೆ ಸೊಪ್ಪು ಬೇಕನ್ರಾ, ಅಮ್ಮಾ" ಎಂದು ಕೂಗುವ ದನಿ. ಅದರಲ್ಲಿ ಸಂಶಯವಿರಲಿಲ್ಲ. ಸಾಲಿನ ಕೊನೆಯನ್ನು ಅವಳ ಹಾಗೆ ಮೇಲಕ್ಕೆತ್ತಿ ಬಿಡುವವರು ಕುಮಟೆಯಲ್ಲಿ ಬೇರೆ ಇಲ್ಲ.

"ನೋಡು ಬಾ ಇಲ್ಲಿ," ಎಂದರು ಇವರು, ನಗುತ್ತ. "ಹಳ್ಳಿ ಹೆಂಗಸಿಗೆ ಇರೂ ಬುದ್ಧಿ ಸರ್ಕಾರಕ್ಕೆ ಇಲ್ಲ."

ನೋಡಿದೆ. ನಮ್ಮ ಸೊಪ್ಪಿನವಳೇ. ಮಗಳ ಮದುವೆಗೆಂದು ಉಟ್ಟ ಹಸಿರು ಸೀರೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಂಕ್ತಿಯ ನಡುವೆ ನಿಂತು ಹಾಡುತ್ತಿದ್ದಳು:

ದಿಬ್ಬಣ ಬಂತು ದಿಬ್ಬಣ ಬಂತು ಸರ್ಕಾರಿ ಬಸ್ಸಿಗೆ,
ಹೆಂಗಸ್ರಿಗೆಲ್ಲ ಪುಕ್ಕಟ ಟಿಕೀಟು, ಗಂಡಸ್ರು ಸೀಟಿನಡಿಗೆ!
ಪುಕ್ಕಟ ಬಂದ ಬೀಗಿತ್ತಿಗೆ ಪಾಯಸ ಸಾಲ್ದಂತೆ,
ಆಧಾರ ಕಾರ್ಡು ತೋರ್ಸಿ ಇನ್ನೊಂದ್ ಸೌಟು ಕೇಳ್ದಂತೆ!

ಅಲ್ಲಿಗೆ ಹಾಡು ನಿಂತಿತು. ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದ ಗಂಡಿನ ತಾಯಿಯ ಮುಖವನ್ನು ದೊಡ್ಡದು ಮಾಡಿ, ಸುತ್ತ ಕೆಂಪು ವೃತ್ತ ಹಾಕಿ, ಹಿಂದಿನಿಂದ ಕತ್ತೆ ಕೂಗಿದ ಸದ್ದು ಸೇರಿಸಿದ್ದರು. ಆಕೆಯ ಬಾಯಿಯ ಮೇಲೆ ಎಡಗೈ ಇತ್ತು, ಕಣ್ಣು ಅರಳಿತ್ತು. ಕೆಳಗೆ ದಪ್ಪಕ್ಷರದಲ್ಲಿ, 'ಬಿಟ್ಟಿ ಬಸ್ಸಿಗೆ ಜನಸಾಮಾನ್ಯ ಮಹಿಳೆಯಿಂದಲೇ ಕಪಾಳಮೋಕ್ಷ! ಅತ್ತೆ ಗಪ್‌ಚುಪ್!'

"ಆಕೆ ಗಪ್‌ಚುಪ್ ಆಗಿರಲಿಲ್ಲ," ಎಂದೆ.

"ಯಾರು?"

"ಆ ಬೀಗಿತ್ತಿ. ನಾನು ಅಲ್ಲೇ ಇದ್ದೆ. ಆಕೆ ನಗು ತಡೆಯಲಿಕ್ಕೆ ಬಾಯಿಗೆ ಕೈ ಇಟ್ಟದ್ದು. ಬಾಯಲ್ಲಿ ಅನ್ನ ಇತ್ತು."

"ಹೌದಾ," ಎಂದು ಇವರು ಹೆಬ್ಬೆರಳಿನಿಂದ ಆಕೆಯನ್ನು ಮೇಲಕ್ಕೆ ನೂಕಿದರು. ಮುಂದಿನದು ಯಾವುದೋ ಕಾರಿನ ವೀಡಿಯೊ.

ಮಿರ್ಜಾನದ ಹತ್ತಿರದ ಅವರ ಕೇರಿಯಲ್ಲಿ ಆ ಮದುವೆ ನಡೆದಾಗ ನಾನು ಹೋಗಿದ್ದೆ. ಇಷ್ಟು ವರ್ಷ ಅವಳ ಕೈಯ ಮೊಗೆಕಾಯಿ, ಬಸಳೆ ತಿಂದ ಮನೆಯವಳು ಹೋಗದಿದ್ದರೆ ಹೇಗೆ? ಅವರಲ್ಲಿ ಮದುವೆಯೂಟದ ಪಂಕ್ತಿಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಬೈದು ಹಾಡುತ್ತಾರೆ. ಬೀಗಿತ್ತಿಯ ಮೂಗು, ಬೀಗರ ಹೊಟ್ಟೆ, ಅವರು ತಂದ ಸೀರೆಯ ಬಣ್ಣ, ಯಾವುದನ್ನೂ ಬಿಡುವುದಿಲ್ಲ. ಆಮೇಲೆ ಗಂಡಿನ ಕಡೆಯವರು ತಿರುಗಿ ಬೈಯುತ್ತಾರೆ. ಹಾಗೆ ಬೈಯದಿದ್ದರೆ ಬೇಜಾರಾಗುತ್ತದೆ. "ನಮ್ಮ ಮುಖ ಕಂಡು ನಿಮ್ಗೆ ಒಂದ್ ಬೈಗುಳನೂ ಹುಟ್ಲಿಲ್ಲನೇ?" ಎಂದು ಎದ್ದುಹೋದ ಬೀಗರ ಕತೆಯನ್ನು ಸೊಪ್ಪಿನವಳೇ ನನಗೆ ಒಮ್ಮೆ ಹೇಳಿದ್ದಳು. ಹಾಡಿದವಳು ಕೊನೆಗೆ ತಾನೇ ಕವಳ ಮಡಚಿ ಬೈಸಿಕೊಂಡವಳ ಬಾಯಿಗೆ ಇಡುತ್ತಾಳೆ. ಎಲೆ, ಅಡಿಕೆ, ಸುಣ್ಣ ಬಾಯಿಗೆ ಬಿದ್ದ ಮೇಲೆ ಆ ಜಗಳದ ಮಾತನ್ನು ಯಾರೂ ಎತ್ತಬಾರದು.

ಬಸ್ಸಿನ ಹಾಡು ಅವಳು ಅಲ್ಲೇ ಕಟ್ಟಿದ್ದು. ಗಂಡಿನ ಕಡೆಯವರು ಹೊನ್ನಾವರದಿಂದ ಗೇರುಸೊಪ್ಪದ ದಾರಿಯಲ್ಲಿ ಶರಾವತಿ ದಂಡೆಯ ಊರಿನವರು. ಅವರು ಗೊತ್ತು ಮಾಡಿದ್ದ ಟೆಂಪೋದಲ್ಲಿ ಜಾಗ ಸಾಲದೆ ಬೀಗಿತ್ತಿ ಮತ್ತೆ ಕೆಲವು ಹೆಂಗಸರು ಸರ್ಕಾರಿ ಬಸ್ಸಿಗೆ ಬಂದಿದ್ದರು. ಹೆದ್ದಾರಿಯಿಂದ ಚಪ್ಪರಕ್ಕೆ ನಡೆದು ಬರುವಾಗ ಅವರ ಕೈಯಲ್ಲಿ ಪುಕ್ಕಟೆ ಟಿಕೆಟ್ಟು ಹಾಗೇ ಇದ್ದದ್ದನ್ನು ಸೊಪ್ಪಿನವಳು ಕಂಡಳು. ಅಷ್ಟು ಸಾಕಾಯಿತು ಅವಳಿಗೆ.

ಬೀಗಿತ್ತಿ ಅನ್ನ ನುಂಗಿ, ಎಡಗೈಯಿಂದ ನೀರು ಕುಡಿದು, ಕೂತಲ್ಲಿಂದಲೇ ಉತ್ತರ ಕೊಟ್ಟಳು:

ಪಾಯಸ ಹುಡ್ಕಿ ಪಾಯಸ ಹುಡ್ಕಿ ಕಣ್ಣೇ ಸೋತೋತು,
ಸೌಟಿನ ನೀರಲಿ ಒಂಟಿ ಶಾವಿಗೆ ಈಜು ಕಲಿತಿತ್ತು!
ಬೀಗಿತ್ತಿ ಅಂದ್ರೆ ಬೀಗಿತ್ತಿ ನೀನು, ಬಾಯಿಗೆ ಬೀಗಿಲ್ಲ,
ಮಗಳೊಂದ ಬಿಟ್ರೆ ನಿನ್ನ ಮನ್ಯಾಗೆ ಸಿಹಿ ಅಂಬುದೇ ಇಲ್ಲ!

ಚಪ್ಪರ ಹಾರಿಹೋಗುವ ಹಾಗೆ ನಕ್ಕರು. ಹೆಣ್ಣಿನ ಕಡೆಯವರೇ ಹೆಚ್ಚು ನಕ್ಕರು. ಮೊದಲು ಬೈದು ಕೊನೆಗೆ ಸೊಸೆಯೇ ಸಿಹಿ ಎಂದು ಒಪ್ಪಿಕೊಂಡ ಆ ಸಾಲಿಗೆ ಮದುವಣಗಿತ್ತಿ ತಲೆ ತಗ್ಗಿಸಿ ಎಲೆಯ ಮೇಲಿನ ಉಪ್ಪನ್ನು ಬೆರಳಲ್ಲಿ ಗೀಚುತ್ತ ಕೂತದ್ದನ್ನು ನಾನು ನೋಡಿದೆ. ಸೊಪ್ಪಿನವಳು ಸೋತೆ ಎಂದು ಕೈ ಮುಗಿದು ಕವಳ ಕೊಟ್ಟಳು.

ಫೋನಿನಲ್ಲಿ ಇದು ಯಾವುದೂ ಇರಲಿಲ್ಲ.

ಸಂಜೆಯ ಹೊತ್ತಿಗೆ ಇನ್ನೊಂದು ಪಕ್ಷದವರಿಗೂ ಹಾಡು ಸಿಕ್ಕಿತ್ತು. ಅವರು ಸೊಪ್ಪಿನವಳ ಮುಖಕ್ಕೆ ವೃತ್ತ ಹಾಕಿದ್ದರು. ಬಡ ಹೆಂಗಸರನ್ನು ಹೀಯಾಳಿಸುವ ಇವಳು ಯಾರ ದುಡ್ಡು ತಿಂದಿದ್ದಾಳೆ, ಇವಳ ಮನೆಗೆ ತಿಂಗಳಿಗೆ ಸರ್ಕಾರದ ಹಣ ಬರುವುದಿಲ್ಲವೇ, ಬಂದರೆ ನಾಚಿಕೆ ಬೇಡವೇ, ಎಂದು ಕೇಳುತ್ತಿದ್ದರು. ಕೆಳಗೆ ಇಳಿದಷ್ಟೂ ಅಭಿಪ್ರಾಯಗಳು. ನಾನು ಓದಿದೆ, ಓದಬಾರದಿತ್ತು. ತಮ್ಮ ಹೆಸರಿನ ಪಕ್ಕ ದೇವರ ಫೋಟೋ ಇಟ್ಟುಕೊಂಡವರು ಬರೆದ ಮಾತುಗಳನ್ನು ಇಲ್ಲಿ ಬರೆಯಲು ನನ್ನ ಕೈ ಬರುವುದಿಲ್ಲ. ಭಟ್ಕಳದಲ್ಲಿರುವ ನನ್ನ ತಂಗಿ ಫೋನು ಮಾಡಿ, ಅವಳ ನೆರೆಮನೆಯವರ ಮಗ ದುಬೈಯಿಂದ ಇದೇ ವೀಡಿಯೊ ಕಳಿಸಿ, "ಇದು ನಮ್ಮ ಕಡೆಯದೇ ಅಲ್ಲವಾ" ಎಂದು ಕೇಳಿದ ಎಂದಳು. ಸಮುದ್ರ ದಾಟಿತ್ತು, ಆದರೆ ಉತ್ತರದ ನಾಲ್ಕು ಸಾಲು ಮಿರ್ಜಾನದ ಚಪ್ಪರ ದಾಟಿರಲಿಲ್ಲ.

ಪುಕ್ಕಟೆ ಬಸ್ಸಿನ ಬಗ್ಗೆ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. ಇವರ ಪ್ರಕಾರ ಅದು ತೆರಿಗೆ ಕಟ್ಟುವವರ ದುಡ್ಡು. ಕೆಲಸದಲ್ಲಿದ್ದಾಗ ಇಡೀ ಸಂಸಾರವನ್ನು ಕಚೇರಿಯ ಖರ್ಚಿನಲ್ಲಿ ಕಾಶಿಗೆ ಕರೆದುಕೊಂಡು ಹೋದದ್ದು ಯಾರ ದುಡ್ಡು ಎಂದು ಒಮ್ಮೆ ಕೇಳಿದೆ. ಅದು ಹಕ್ಕಂತೆ. ಬಸ್ಸು ಭಿಕ್ಷೆಯಂತೆ. ನನಗೆ ಸರ್ಕಾರದ ಮೇಲೂ ಪ್ರೀತಿಯೇನಿಲ್ಲ; ಟಿಕೆಟ್ಟು ಕೊಟ್ಟರು, ಬಸ್ಸು ಕೊಡಲಿಲ್ಲ. ಇರುವ ಬಸ್ಸಿಗೇ ಎಲ್ಲರೂ ಜೋತುಬೀಳಬೇಕು, ಕಂಡಕ್ಟರನ ಬೈಗುಳ ತಿನ್ನಬೇಕು. ಆ ಬೈಗುಳಕ್ಕೆ ಕವಳವೂ ಇಲ್ಲ. ಆದರೆ ತಂಗಿಯನ್ನು ನೋಡಲು ಭಟ್ಕಳಕ್ಕೆ ಹೋಗಬೇಕಾದರೆ ಈಗ ನಾನು ಬಸ್ಸಿನ ದುಡ್ಡಿಗೆ ಇವರ ಅಂಗಿಯ ಕಿಸೆಯ ಹತ್ತಿರ ನಿಲ್ಲುವುದಿಲ್ಲ. ಚಪ್ಪಲಿ ಮೆಟ್ಟಿ ಹೊರಡುತ್ತೇನೆ. ಅದರ ರುಚಿ ಏನೆಂದು ಉಪ್ಪಿನಕಾಯಿ ಭರಣಿಗೆ ಫೋನು ಆನಿಸಿ ಕೂತವರಿಗೆ ಹೇಗೆ ತಿಳಿದೀತು?

ಮುಂದಿನ ಸಲ ಸೊಪ್ಪಿನವಳು ಬಂದಾಗ ಕೂಗಲಿಲ್ಲ. ಜಗುಲಿಯ ಮೆಟ್ಟಿಲ ಮೇಲೆ ಬುಟ್ಟಿ ಇಟ್ಟು ಕೂತಳು. ಸೊಪ್ಪಿಗೆ ನೀರು ಚಿಮುಕಿಸಿರಲಿಲ್ಲ. ಅವಳಲ್ಲಿ ಹಾಗೆಂದೂ ಆಗುವುದಿಲ್ಲ.

"ಮಗ್ಳು ಮನೇಲೇ ಅವಳೆ, ಅಮ್ಮಾ," ಎಂದಳು.

ಮದುವೆಯಾದ ಮೇಲೆ ಹುಡುಗಿ ತವರಿಗೆ ಬಂದು ಸ್ವಲ್ಪ ದಿನ ಇರುತ್ತಾಳೆ. ಆಮೇಲೆ ಅತ್ತೆಯೇ ಬಂದು ಕರೆದುಕೊಂಡು ಹೋಗಬೇಕು. ಕರೆಯದೆ ಹೋದವಳಿಗೆ ಆ ಮನೆಯಲ್ಲಿ ಬೆಲೆ ಇಲ್ಲ. ಬರಬೇಕಾದ ದಿನ ಕಳೆದಿತ್ತು, ಅತ್ತೆ ಬಂದಿರಲಿಲ್ಲ. ಅಳಿಯನಿಗೆ ಫೋನು ಮಾಡಿದರೆ, "ಆಯಿ ಹೊರಗೇ ಬೀಳೂದಿಲ್ಲ, ಎಂತ ಮಾಡೂದು" ಎನ್ನುತ್ತಾನೆ. ಹೊನ್ನಾವರದ ಸಂತೆಯಲ್ಲಿ ಯಾರೋ ಆಕೆಗೆ "ಪಾಯಸ ಬೇಕಾ? ಕಾರ್ಡ್ ತಂದೀದ್ಯಾ?" ಎಂದು ಕೇಳಿದರಂತೆ. ಆಕೆಯ ಬಾಯಿಗೆ ಕೈ ಇಟ್ಟ ಮುಖವನ್ನು ಸ್ಟಿಕ್ಕರು ಮಾಡಿ ಒಬ್ಬರಿಗೊಬ್ಬರು ಕಳಿಸುತ್ತಿದ್ದರು. ಅದನ್ನೂ ನಾನು ನೋಡಿದ್ದೆ. ಹೇಳಲಿಲ್ಲ.

"ಹಾಡಿಗೆ ಸಿಟ್ಟು ಮಾಡೂಕೆ ಆತದ್ಯಾ, ಅಮ್ಮಾ? ಹಾಡ್ದೇ ಇದ್ರೆ ಸಿಟ್ಟು ಮಾಡ್ಬೇಕು. ಈಗ ನೀವೊಂದ್ ಉಪ್ಕಾರ ಮಾಡಿ. ನೀವು ಕಾನ್ವೆಂಟಲ್ಲಿ ಕಲ್ತವ್ರು. ಅದ್ನ ಒರ್ಸಿ ಹಾಕಿ."

ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ದೂರು ಪತ್ರ ಬರೆಯುವುದನ್ನು ಕಲಿಸಿದ್ದರು. ಮೊದಲು ಯಾರಿಗೆ ಎಂಬುದು, ಆಮೇಲೆ ವಂದನೆ, ಆಮೇಲೆ ವಿಷಯ, ಎಲ್ಲಿಯೂ ದನಿ ಏರಬಾರದು. ಆ ಶಿಸ್ತಿನಲ್ಲಿ ನಾನು ಇಡೀ ಜೀವನ ಕಳೆದವಳು. ಗ್ಯಾಸಿನವನಿಗೂ ದಯವಿಟ್ಟು ಎನ್ನುತ್ತೇನೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನು ತೆರೆದೆ. ಬರೆಯಲು ಅಲ್ಲಿ ಜಾಗವೇ ಇರಲಿಲ್ಲ. ನಿಮ್ಮ ತೊಂದರೆ ಯಾವುದು ಆರಿಸಿಕೊಳ್ಳಿ ಎಂದು ಕೆಲವು ಸಾಲು. ನಗ್ನತೆ. ಹಿಂಸೆ. ನಿಷೇಧಿತ ವಸ್ತುಗಳ ಮಾರಾಟ. ಹಾಡನ್ನು ಅರ್ಧಕ್ಕೆ ಕತ್ತರಿಸಿದ್ದಾರೆ ಎಂಬ ಸಾಲು ಇರಲಿಲ್ಲ. ಕೊನೆಗೆ 'ಕಿರುಕುಳ' ಎಂಬುದನ್ನು ಒತ್ತಿದೆ. ಮತ್ತೆ ಕೇಳಿತು: ಕಿರುಕುಳ ಯಾರಿಗೆ, ನಿಮಗೋ, ನಿಮ್ಮ ಗೆಳೆಯರಿಗೋ? "ಗೆಳೆಯರಿಗೆ" ಎಂದು ಒತ್ತಿದೆ. ಸೊಪ್ಪಿನವಳು ನನ್ನ ಬೆರಳನ್ನೇ ನೋಡುತ್ತಿದ್ದಳು.

ಉತ್ತರ ಬಂದದ್ದು ಅವಳು ಇನ್ನೊಮ್ಮೆ ಸೊಪ್ಪು ತಂದ ದಿನ. ಓದಿ ಹೇಳಿದೆ: ನೀವು ವರದಿ ಮಾಡಿದ ವೀಡಿಯೊ ನಮ್ಮ ಸಮುದಾಯದ ನಿಯಮಗಳಿಗೆ ವಿರುದ್ಧವಾಗಿಲ್ಲ.

"ಸಮುದಾಯ ಅಂದ್ರು?" ಅವಳು ಮುಖ ಎತ್ತಿದಳು. "ಅವ್ರದ್ದು ಯಾವ ಸಮುದಾಯ, ಅಮ್ಮಾ?"

"ಅದು ಹಾಗಲ್ಲ ಮಾರಾಯ್ತಿ…"

"ಯಾವುದಾರೂ ಆಗ್ಲಿ. ಅವ್ರಿಗೆ ಹಿರೇರು ಅಂತ ಯಾರಾರೂ ಇರ್ಬೇಕಲಾ. ಎಲ್ಲಿ ಕೂಡ್ತ್ರು ಹೇಳಿ. ಒಂದ್ ಕಾಯಿ ಹಿಡ್ಕಂಡ್ ಹೋತೆ. ಹಿಂಗಿಂಗೆ, ನಮ್ಮ ಪದ್ಧತಿ ಹಿಂಗೆ, ತಪ್ಪ್ ತಿಳ್ಕಂಡೀರಿ ಅಂತ ಹೇಳಿ ಬತ್ತೆ."

"ಅಲ್ಲಿ ಯಾರೂ ಇಲ್ಲ."

"ಯಾರೂ ಇಲ್ದೇ ಸಮುದಾಯ ಹೆಂಗಾತು?"

ನಾನು ಬಸಳೆಯ ದಂಟು ಮುರಿಯುತ್ತ ಕೂತೆ. ನಮ್ಮ ಕಡೆ ಸಮುದಾಯವೆಂದರೆ ಒಂದು ಭವನ, ಅದರ ಬೀಗದ ಕೈ ಇಟ್ಟುಕೊಂಡ ಒಬ್ಬರು, ತಪ್ಪಿಗೆ ದಂಡ, ದಂಡಕ್ಕೆ ಮಾಫಿ. ಆ ಶಬ್ದವನ್ನು ಕದ್ದುಕೊಂಡು ಹೋಗಿ, ಒಳಗಿನ ಮನುಷ್ಯರನ್ನೆಲ್ಲ ಹೊರಗೆ ಹಾಕಿ, ಬಾಗಿಲಿಗೆ ಅದೇ ಬೋರ್ಡು ತೂಗುಹಾಕಿದ್ದಾರೆ. ಕಾಯಿ ಹಿಡಿದು ಹೊರಟವಳಿಗೆ ನಾನು ಯಾವ ದಾರಿ ತೋರಿಸಲಿ?

ಹಾಡನ್ನು ಮೊದಲು ಹಾಕಿದವನು ಹೊನ್ನಾವರದ ಸ್ಟುಡಿಯೋದವನು, ಮದುವೆಯ ಫೋಟೋ ತೆಗೆಯಲು ಗಂಡಿನ ಕಡೆಯವರು ಕರೆದವನು. ನಾವಿಬ್ಬರೂ ಅವನಲ್ಲಿಗೆ ಹೋದೆವು. ಅಂಗಡಿಯ ಗಾಜಿನಲ್ಲಿ ಮದುಮಕ್ಕಳು ಸೂರ್ಯಾಸ್ತವನ್ನು ಅಂಗೈಯಲ್ಲಿ ಹಿಡಿದ ಚಿತ್ರಗಳು. ಅವನು ಕೆಟ್ಟವನಲ್ಲ, ನಮಗೆ ಕುರ್ಚಿ ಕೊಟ್ಟ, ಫ್ಯಾನು ಹಾಕಿದ.

"ನನ್ನ ಪೇಜಿಂದ ಯಾವತ್ತೋ ತೆಗೆದೆ ಅಕ್ಕಾ," ಎಂದ ನನಗೆ. "ಆದ್ರೆ ಜನ ಡೌನ್‌ಲೋಡ್ ಮಾಡ್ಕೊಂಡ್ರು. ಈಗ ಅದು ಯಾರ ಕೈಯಲ್ಲೂ ಇಲ್ಲ."

"ಅರ್ಧ ಯಾಕೆ ಹಾಕಿದೆ?"

"ಪೂರ್ತಿ ಯಾರು ನೋಡ್ತಾರೆ? ಮೂರು ಸೆಕೆಂಡಲ್ಲಿ ಜನರನ್ನ ಹಿಡೀಬೇಕು." ಆಮೇಲೆ ಸೊಪ್ಪಿನವಳ ಕಡೆ ತಿರುಗಿ, ಮರ್ಯಾದೆಯಿಂದಲೇ, "ನಿಮ್ಮದು ಒಳ್ಳೆ ವಾಯ್ಸು ಅಮ್ಮಾ. ಕರೆಂಟ್ ಬಿಲ್ಲಿನ ಮೇಲೆ ಒಂದು ಹಾಡ್ತ್ರಾ? ಈಗ್ಲೇ ತೆಗೀತೆ. ಇದಕ್ಕಿಂತ ಜಾಸ್ತಿ ಹೋಗ್ತದೆ," ಎಂದ.

ಅವಳು ಎದ್ದು ಹೊರಗೆ ಹೋದಳು. ಕುರ್ಚಿಯ ಮೇಲೆ ಅವಳ ಬುಟ್ಟಿಯ ಸಿಂಬಿ ಉಳಿದಿತ್ತು. ಎತ್ತಿಕೊಂಡು ನಾನೂ ಹೊರಟೆ.

"ಬೀಗಿತ್ತಿ ಮನಿಗೆ ಹೋಪ," ಎಂದಳು ಹೊರಗೆ. "ಇವ್ರೆಲ್ಲರ ಕಾಲ್ ಹಿಡೂಕಿಂತ ಅವಳ ಕಾಲ್ ಹಿಡೂದ್ ಒಳ್ಳೇದು. ನೀವು ಸಂಗ್ತಿಗೆ ಬರ್ಬೇಕು. ನಾ ಒಬ್ಳೇ ಹೋದ್ರೆ ಬಾಗ್ಲು ತೆಗೂಳೋ ಇಲ್ವೋ."

ಗೇರುಸೊಪ್ಪದ ಬಸ್ಸು ತುಂಬಿತ್ತು. ನಿಂತಿದ್ದ ಗಂಡಸೊಬ್ಬ ಯಾರಿಗೂ ಅಲ್ಲ ಎಂಬಂತೆ ಹೇಳಿದ: "ದುಡ್ಡು ಕೊಟ್ಟವ್ರಿಗೆ ನಿಲ್ಲೂಕೆ ಜಾಗಿಲ್ಲ, ಪುಕ್ಕಟೆಯವ್ರಿಗೆ ಸೀಟು."

ಬೇರೆ ದಿನವಾಗಿದ್ದರೆ ಸೊಪ್ಪಿನವಳು ಅವನನ್ನು ಅಲ್ಲೇ ಹುರಿದು ಮುಕ್ಕುತ್ತಿದ್ದಳು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಕಂಡಕ್ಟರನಿಗೆ ಕಾರ್ಡು ತೋರಿಸುವಾಗಲೂ ಬಾಯಿ ತೆರೆಯಲಿಲ್ಲ. ಊರಿನ ಹೆಸರನ್ನು ನಾನೇ ಹೇಳಿದೆ. ದನಿ ಗುರುತು ಸಿಕ್ಕೀತೆಂದು ಅವಳಿಗೆ ಹೆದರಿಕೆ. ಮಿರ್ಜಾನದಿಂದ ಕುಮಟೆಯವರೆಗೆ ದನಿಯನ್ನೇ ನಂಬಿ ಸೊಪ್ಪು ಮಾರಿದ ಹೆಂಗಸು! ನನಗೆ ಬಂದ ಸಿಟ್ಟಿಗೆ ಕೈಯಲ್ಲಿದ್ದ ಪುಕ್ಕಟೆ ಟಿಕೆಟ್ಟು ಸಣ್ಣ ಉಂಡೆಯಾಗಿತ್ತು. ಇಳಿಯುವಾಗ ಆ ಗಂಡಸಿಗೆ, "ಬನ್ನಿ, ಈಗ ಸೀಟು ಖಾಲಿಯಾಯಿತು, ಸುಖವಾಗಿ ಕೂತುಕೊಳ್ಳಿ," ಎಂದೆ. ಸಿಸ್ಟರ್ ಕಲಿಸಿದ ದನಿಯಲ್ಲೇ ಹೇಳಿದೆ. ಅವನು ಕೂತ.

ಬೀಗಿತ್ತಿ ಬಾಗಿಲು ತೆರೆದಳು. ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ಒಬ್ಬರನ್ನೊಬ್ಬರು ನೋಡದೆ ಇಬ್ಬರೂ ಜಗುಲಿಯ ಎರಡು ಕಂಬಕ್ಕೆ ಒರಗಿ ಕೂತರು. ನಾನು ನಡುವೆ. ಅಂಗಳದಲ್ಲಿ ಒಣಗಲು ಹಾಕಿದ ಹುಣಸೆಯ ಮೇಲೆ ನೊಣ ಕೂರದ ಹಾಗೆ ಹಳೆಯ ಸೀರೆ ಹೊದಿಸಿತ್ತು. ಅಂಚನ್ನು ನಾಲ್ಕೂ ಕಡೆ ಕಲ್ಲಿಟ್ಟು ಅಚ್ಚುಕಟ್ಟಾಗಿ ಬಿಗಿದಿದ್ದಳು. ಇಂಥ ಹೆಂಗಸು ಸುಮ್ಮನೆ ಒರಟುತನ ಮಾಡುವವಳಲ್ಲ ಎಂದುಕೊಂಡೆ.

"ನಾ ಹಾಡಿದ್ದಕ್ಕೆ ನಿಂಗೆ ಬೇಜಾರಾದ್ರೆ ನಂದು ತಪ್ಪಾತು," ಎಂದಳು ಸೊಪ್ಪಿನವಳು.

"ನೀ ಹಾಡಿದ್ದಕ್ಕೆ ನಂಗೆಂತ ಬೇಜಾರು?" ಬೀಗಿತ್ತಿ ಅವಳ ಕಡೆ ತಿರುಗಿದಳು. "ನಿನ್ನ ಬಸ್ಸಿನ ಹಾಡು ಚಲೋ ಇತ್ತು. ಮನಿಗೆ ಬಂದೂ ನಕ್ಕೀದೆ. ನಾ ಹಾಡಿದ್ದು ಎಲ್ಲಿ ಹೋತು? ಅದ್ನ ಹೇಳು."

ಸೊಪ್ಪಿನವಳು ಕೈಯಲ್ಲಿದ್ದ ಬೆಲ್ಲವನ್ನು ಕೆಳಗಿಟ್ಟಳು.

"ಹದ್ನಾರು ಮದ್ವೆ ಪಂಕ್ತಿಲಿ ಕೂತ್ ಹಾಡೀದೆ ನಾನು. ನಂಗೆ ಉತ್ರ ಕೊಡೂಕೆ ಬರೂದಿಲ್ಲ ಅಂದವ್ರು ಇಲ್ಲ. ಈಗ ಊರೆಲ್ಲ ಎಂತ ಹೇಳ್ತದೆ? ಬೀಗಿತ್ತಿ ಬೈದ್ರೆ ಇವಳು ಬಾಯ್ ಮುಚ್ಕಂಡ್ ಕೂತಳು. ಬಾಯಿಲ್ದವಳು. ಮೂಕಿ. ಬಸ್ಸಿಗೆ ಪುಕ್ಕಟೆ ಹೋದವಳು ಅಂದ್ರೆ ಅನ್ಲಿ, ಹೋತೆ, ದಿನಾ ಹೋತೆ. ಆದ್ರೆ ಉತ್ರ ಕೊಡ್ಲಿಲ್ಲ ಅಂದ್ರೆ? ಸೊಸೆ ಕರೂಕೆ ನಿಮ್ಮ ಕೇರಿಗೆ ಯಾವ ಮುಖ ಹೊತ್ಕಂಡ್ ಬರ್ಲಿ ನಾನು?"

"ನಮ್ಮ ಕೇರಿಯವ್ರೆಲ್ಲ ಕೇಳೀರೇ, ಮಾರಾಯ್ತಿ! ನಿನ್ನ ಶಾವಿಗೆ ಹಾಡು ಈಗ್ಲೂ ಹೇಳ್ತ್ರು!"

"ನಿಮ್ಮ ಕೇರಿ ಸಣ್ಣದು. ಅದು ದೊಡ್ಡದು," ಎಂದಳು ಬೀಗಿತ್ತಿ, ನನ್ನ ಕೈಚೀಲದಲ್ಲಿ ಇಣುಕುತ್ತಿದ್ದ ಫೋನಿನ ಕಡೆ ಗದ್ದ ತೋರಿಸಿ.

ಅಳಿಸಿ ಹಾಕಬೇಕೆಂದು ನಾವು ಒದ್ದಾಡಿದ್ದೆವು. ಆಕೆಗೆ ಬೇಕಾದದ್ದು ಉಳಿದರ್ಧ. ನಮ್ಮವರಿಗೆ, ಎರಡೂ ಪಕ್ಷದ ಆ ವೀರರಿಗೆ, ಆಕೆಯ ಪರವಾಗಿ ಕಣ್ಣೀರು ಹಾಕಿ ಬರೆದವರಿಗೂ ಇದು ಹೊಳೆಯುವಂಥದ್ದಲ್ಲ. ಬೈಸಿಕೊಂಡವಳು ಪಾಪದವಳೇ ಇರಬೇಕೆಂದು ಅವರು ಒಪ್ಪಿಕೊಂಡುಬಿಟ್ಟಿದ್ದರು.

ಹಿಂದಿರುಗುವಾಗ ಮತ್ತೆ ಸ್ಟುಡಿಯೋಗೆ ಹೋದೆವು. ಪೂರ್ತಿ ಹಾಡು ಹಾಕು ಎಂದೆ. ಅವನು ತಲೆ ಕೆರೆದುಕೊಂಡು, ಕಂಪ್ಯೂಟರಿನಲ್ಲಿ ಹುಡುಕಿ ತೆಗೆದು, ಉತ್ತರದ ಹಾಡು, ಕವಳ ಕೊಟ್ಟದ್ದು, ನಗು ಎಲ್ಲ ಸೇರಿಸಿ ಅಂದೇ ಹಾಕಿದ. ಬೀಗಿತ್ತಿಯ ಹಾಡು ಎಂದು ಹೆಸರು ಕೊಡು ಎಂದೆ, ಕೊಟ್ಟ.

ಅದನ್ನು ಯಾರೂ ನೋಡಲಿಲ್ಲ. ಯಾರೂ ಎಂದರೆ ನಾನು, ತಂಗಿ, ಸೊಪ್ಪಿನವಳ ಅಳಿಯ, ಅವನ ಕೆಲವು ಸ್ನೇಹಿತರು. ಒಬ್ಬರು, 'ಬಹಳ ಉದ್ದವಾಯಿತು' ಎಂದು ಬರೆದಿದ್ದರು. ಇನ್ನೊಬ್ಬರು, 'ಬಿಟ್ಟಿ ಅತ್ತೆ ರಿಟರ್ನ್ಸ್' ಎಂದು. ಶಾವಿಗೆ ಈಜು ಕಲಿತದ್ದರಿಂದ ಯಾವ ಪಕ್ಷಕ್ಕೂ ಲಾಭವಿರಲಿಲ್ಲವಲ್ಲ. ಅಳಿಯ ಹೆಂಡತಿಗೆ ಫೋನಿನಲ್ಲಿ ಹೇಳಿದನಂತೆ: ಆಯಿ ದಿನಾ ಸಂಜೆ ಕೇಳುತ್ತಾಳೆ, "ಈಗ ಎಷ್ಟ್ ಜನ ಕೇಳ್ದ್ರು?" ಅವನು ಸುಳ್ಳು ಹೇಳಲು ನೋಡಿದ. ಸಾವಿರ ಎಂದ. "ಸಾವ್ರ ಜನ ಕೇಳಿದ್ರೆ ಸಂತೇಲಿ ಒಬ್ರಾರೂ ಹೇಳ್ತಿದ್ರು," ಎಂದು ಆಕೆ ಎದ್ದು ಒಳಗೆ ಹೋದಳಂತೆ.

ಇವರಿಗೂ ತೋರಿಸಿದೆ. ಭರಣಿಗೆ ಆನಿಸಿ ಇಟ್ಟೆ. ಮೊದಲ ನಾಲ್ಕು ಸಾಲಿಗೆ ನಕ್ಕರು, "ಇದು ನೋಡಿದ್ದೇ" ಎಂದು ಮೇಲಕ್ಕೆ ನೂಕಿದರು. ನಾನು ಆ ದಿನ ಎರಡನೆಯ ದೋಸೆ ಎರೆಯಲಿಲ್ಲ. ಹಿಟ್ಟು ಮುಗಿಯಿತು ಎಂದೆ. ಪಾತ್ರೆಯ ತುಂಬ ಇತ್ತು.

ಕೊನೆಗೂ ಕರೆಯಲು ಬಂದರು. ಅತ್ತೆ ಬರಲಿಲ್ಲ, ತನ್ನ ಕಡೆಯ ಇಬ್ಬರು ಹಿರಿಯ ಹೆಂಗಸರನ್ನು ಕಳಿಸಿದಳು. ನೀವೂ ಬನ್ನಿ ಎಂದು ಸೊಪ್ಪಿನವಳು ಹೇಳಿದ್ದಕ್ಕೆ ನಾನೂ ಹೋಗಿದ್ದೆ. ಮಗಳು ಬೆಳಗಿನಿಂದಲೇ ಚೀಲ ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದಳು. ಚೀಲದ ಬಾಯಿ ಕಟ್ಟಿದ ಹಗ್ಗವನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, ತುದಿ ಎಳೆ ಬಿಟ್ಟು ಜುಂಗಾಗಿತ್ತು.

ಬಂದವರಲ್ಲಿ ದೊಡ್ಡವಳು ಚಾಪೆಯ ಮೇಲೆ ಕೂತು ವಿಷಯ ಹೇಳಿದಳು. "ಸೊಸೆ ಬರ್ಲಿ. ಅವಳ ಮೇಲೆ ಎಂತದೂ ಇಲ್ಲ. ಆದ್ರೆ ನಮ್ಮನೆ ಯಾವ ಕಾರ್ಯದಲ್ಲೂ ಇನ್ನು ಬೈಗುಳದ ಹಾಡು ಇಲ್ಲ. ನೀನು ಅಲ್ಲಿಗೆ ಬಂದ್ರೆ ಉಂಡ್ಕಂಡ್, ಬಾಯ್ ಮುಚ್ಕಂಡ್ ಬರ್ಬೇಕು. ನಾವೂ ಹಾಡೂದಿಲ್ಲ. ಹಂಗಂತ ಹೇಳೂಕೆ ಹೇಳಿದ್ಲು."

ಮಗಳು ಬಾಗಿಲಲ್ಲಿ ನಿಂತಿದ್ದಳು. ಸೊಪ್ಪಿನವಳು ಅವಳನ್ನು ನೋಡಿದಳು, ಚೀಲವನ್ನು ನೋಡಿದಳು.

"ಆತು," ಎಂದಳು.

ಅಷ್ಟೇ. ನಾನು ಏನಾದರೂ ಹೇಳಬಹುದಿತ್ತು. ಸಂಬಂಧ ಉಳಿಯಬೇಕಾದ ಇಬ್ಬರ ನಡುವೆ ನನ್ನ ಸಿಟ್ಟಿಗೆ ಅಲ್ಲಿ ಎಲೆ ಹಾಕಿರಲಿಲ್ಲ. ಅದು ಯಾರ ಮೇಲೆ ಹೋಗಬೇಕಿತ್ತೋ ಅವರು ಮಿರ್ಜಾನಕ್ಕೆ ಬರುವವರಲ್ಲ.

ಚಹಾ ಬಂತು. ಅವಸರದಲ್ಲಿ ಮಾಡಿದ ಚಹಾ, ನೀರು ಹೆಚ್ಚಾಗಿತ್ತು. ದೊಡ್ಡವಳು ಒಂದು ಗುಟುಕು ಕುಡಿದಳು. ಲೋಟವನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದಳು. ಅವಳ ಮುಖದ ಸುಕ್ಕುಗಳೆಲ್ಲ ಒಂದು ಕಡೆಗೆ ಸರಿದವು, ಹುಬ್ಬು ಮೇಲೇರಿತು. ತೊಡೆಯ ಮೇಲೆ ಬೆರಳು ತಾಳ ಹಾಕಿತು.

"ಚಾ ಅಂಬುದೊಂದ ಕುಡ್ದೆವು ತಂಗಿ, ಲೋಟದ ತಳ ಕಂಡಿತ್ತು…"

ಸೊಪ್ಪಿನವಳ ಬೆನ್ನು ಸೆಟೆದು ನೇರವಾಯಿತು. ಅವಳ ಬಾಯಿ ಅರ್ಧ ತೆರೆಯಿತು. ಉತ್ತರ ನಾಲಿಗೆಯ ತುದಿಗೆ ಬಂದದ್ದು ನನಗೆ ಕಂಡಿತು. ಮಗಳು ನಗಲು ಶುರುಮಾಡಿದ್ದಳು.

ಅಷ್ಟರಲ್ಲಿ ದೊಡ್ಡವಳ ಕಣ್ಣು ನನ್ನ ಕೈಯ ಮೇಲೆ ಬಿತ್ತು. ಹಾಡು ನಿಂತಿತು. ತಾಳ ಹಾಕುತ್ತಿದ್ದ ಬೆರಳನ್ನು ಅವಳು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು.

ನನ್ನ ಕೈಯಲ್ಲಿದ್ದದ್ದು ಕನ್ನಡಕದ ಕಪ್ಪು ಡಬ್ಬಿ. ತೆರೆದು ತೋರಿಸಿದೆ. "ಫೋನಲ್ಲ ಇದು, ನೋಡಿ, ಕನ್ನಡಕ. ಹಾಡಿ, ಹಾಡಿ."

"ಹೌದಲಾ," ಎಂದು ನಕ್ಕಳು ಅವಳು. ಎಲ್ಲರೂ ನಕ್ಕರು. ಅವಳು ಉಳಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಲೋಟವನ್ನು ಬೋರಲು ಹಾಕಿ, ಎದ್ದು ಸೀರೆ ಕೊಡವಿಕೊಂಡಳು.

"ಚಾ ಚಲೋ ಇತ್ತು," ಎಂದಳು ಸೊಪ್ಪಿನವಳಿಗೆ. "ಬಸ್ಸಿಗೆ ಹೊತ್ತಾತು. ಬತ್ತೆವು."